ಹುಲ್ಲು ಬೇರೆ, ಬಂಡೆ ಬೇರೆ: ಪುಣೆಯ ಸುತ್ತಲಿನ ಬೆಟ್ಟಗಳನ್ನು ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ತೆಗೆಯುವ ಬಗೆ

ಜುಲೈನಲ್ಲಿ ಪುಣೆ ಹತ್ತಿರದ ಲೋಹಗಡ ಕೋಟೆ ಹತ್ತಿದರೆ ಕಣ್ಣಿಗೆ ಹಬ್ಬ. ಎಳೆ ಹುಲ್ಲು, ಮಳೆಗೆ ನೆನೆದ ಕರಿಬಂಡೆ, ನಡುನಡುವೆ ಓಡುವ ಮಂಜು. ಅಲ್ಲಿ ತೆಗೆದ ಫೋಟೋವನ್ನು ಫೋನಿನಲ್ಲಿ ಒಂದು ಬಟನ್ ಒತ್ತಿ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಹುಲ್ಲು ಯಾವುದು, ಬಂಡೆ ಯಾವುದು ತಿಳಿಯದೆ ಎಲ್ಲ ಒಂದೇ ಮಬ್ಬು ಬೂದು ಆಗಿಬಿಟ್ಟಿರುತ್ತದೆ. ಹಸಿರನ್ನೂ ಕಪ್ಪನ್ನೂ ನಮ್ಮ ಕಣ್ಣು ಬಣ್ಣ ನೋಡಿ ಬೇರೆ ಮಾಡಿತ್ತು. ಬಣ್ಣ ತೆಗೆದ ಮೇಲೆ ಉಳಿಯುವುದು ಬೆಳಕಿನ ಹೆಚ್ಚು ಕಡಿಮೆ ಮಾತ್ರ. ಇಲ್ಲಿ ಅದು ಇರಲೇ ಇಲ್ಲ.

ನಾನು ಧಾರವಾಡದವಳು. ಪುಣೆಯಲ್ಲಿ ಒಂದು ಪ್ಯಾಕೇಜಿಂಗ್ ಪ್ರೆಸ್ಸಿನಲ್ಲಿ ಪ್ರೀಪ್ರೆಸ್ ಕೆಲಸ ಮಾಡುತ್ತೇನೆ. ಪ್ಲೇಟ್ ಮಾಡುವ ಮುಂಚೆ ಫೈಲ್ ಸರಿಪಡಿಸುವುದು, ಪ್ರೂಫ್ ನೋಡುವುದು ನನ್ನ ಪಾಲಿನದು. ದಿನವಿಡೀ ಟೋನ್, ಅಂದರೆ ತಿಳಿ-ಗಾಢದ ಹದ, ನೋಡುವ ಕೆಲಸ. ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೇರಿಸಿ ಸಹ್ಯಾದ್ರಿ ಕಡೆ ಹೊರಡುತ್ತೇನೆ. ಹುಬ್ಬಳ್ಳಿಯಿಂದ ಇಲ್ಲಿಗೆ ಓದಲು ಬಂದಿರುವ ತಂಗಿಯ ಮಗ ಒಮ್ಮೆ ಕೇಳಿದ: "ಬಣ್ಣದಾಗ ಎಷ್ಟು ಚಂದ ಐತಿ, ಬ್ಲ್ಯಾಕ್ ಅಂಡ್ ವೈಟ್ ಯಾಕ ಮಾಡ್ತೀರಿ ದೊಡ್ಡಮ್ಮ?" ಬಣ್ಣದ ಫೋಟೋದಲ್ಲಿ ಜನ ಹಸಿರು ನೋಡಿ ಮುಂದೆ ಹೋಗುತ್ತಾರೆ. ಬೆಟ್ಟದ ಮೈಕಟ್ಟು ನೋಡುವುದಿಲ್ಲ. ನನಗೆ ಆ ಮೈಕಟ್ಟು ಬೇಕು. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲದರ ಬೇರು ಒಂದೇ: ಪಕ್ಕಪಕ್ಕದಲ್ಲಿರುವ ಎರಡು ವಸ್ತು ಬೂದಿನಲ್ಲೂ ಬೇರೆ ಬೇರೆಯಾಗಿ ಕಾಣಬೇಕು. ಅರ್ಧ ಕೆಲಸ ಬೆಟ್ಟದ ಮೇಲೆ ಆಗುತ್ತದೆ, ಅರ್ಧ ಕಂಪ್ಯೂಟರ್ ಮುಂದೆ.

ಮೊದಲು ಕ್ಯಾಮೆರಾ

ಫೈಲ್ ಅನ್ನು ರಾ ಆಗಿ, ಅಂದರೆ ಕ್ಯಾಮೆರಾ ಕಂಡದ್ದೆಲ್ಲ ಹಾಗೇ ಇರುವ ಕಚ್ಚಾ ಫೈಲಾಗಿ ಉಳಿಸಿ. ಪಿಕ್ಚರ್ ಸ್ಟೈಲ್ ಮಾತ್ರ ಮಾನೋಕ್ರೋಮ್ ಇಡಿ. ಆಗ ಹಿಂದಿನ ಪರದೆಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಕಾಣುತ್ತದೆ, ಆದರೆ ಫೈಲಿನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಈ ಬಣ್ಣ ಆಮೇಲೆ ಬೇಕೇ ಬೇಕು. ಜೆಪೆಗ್ ಆಗಿ ಮಾನೋಕ್ರೋಮ್ ತೆಗೆದರೆ ಬಣ್ಣದ ಮಾಹಿತಿ ಅಲ್ಲಿಗೇ ಮುಗಿಯಿತು. ಹುಲ್ಲನ್ನು ಬಂಡೆಯಿಂದ ಬೇರೆ ಮಾಡುವ ದಾರಿಯೂ ಮುಚ್ಚಿತು. ಫೋನಿನಲ್ಲಿ ತೆಗೆಯುವವರೂ ಅಷ್ಟೇ, ರಾ ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಬಣ್ಣದಲ್ಲೇ ತೆಗೆದು ಆಮೇಲೆ ಬದಲಾಯಿಸಿ.

ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8 ಇಲ್ಲವೇ ಎಫ್/11, ಐಎಸ್‌ಒ 100, ಟ್ರೈಪಾಡ್ ಇದ್ದರೆ 2 ಸೆಕೆಂಡ್ ಟೈಮರ್. ಎಫ್/22ಕ್ಕೆ ಹೋಗಬೇಡಿ, ಕಿಂಡಿ ತೀರಾ ಕಿರಿದಾದಾಗ ಬೆಳಕು ಹರಡಿ (ಇದೇ ಡಿಫ್ರಾಕ್ಷನ್) ಇಡೀ ಫೋಟೋ ಮೆತ್ತಗಾಗುತ್ತದೆ. ಕೋಟೆಗಳ ಮೇಲೆ ಟ್ರೈಪಾಡ್ ಹೂಡುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಳ್ಳಿ. ಸೆಟ್ಟಿಂಗ್ ಬಗ್ಗೆ ಇಷ್ಟು ಸಾಕು.

ಕಣ್ಣಿಗೆ ಅಭ್ಯಾಸ

ಪಾಠಕ್ಕೆ ದೂರ ಹೋಗಬೇಕಿಲ್ಲ. ಊರೊಳಗೇ ಟೇಕಡಿಗಳಿವೆ, ಅಂದರೆ ಸಣ್ಣ ಗುಡ್ಡಗಳು. ಬೇಂದ್ರೆಯವರು ಓದಿದ ಫರ್ಗ್ಯೂಸನ್ ಕಾಲೇಜಿನ ಹಿಂದಿನದೇ ಒಂದು. ನನಗೆ ಹೆಚ್ಚು ಇಷ್ಟವಾದದ್ದು ವೇತಾಳ ಟೇಕಡಿ. ಅಲ್ಲಿ ಹಳೆಯ ಕಲ್ಲುಗಣಿಯೊಂದಿದೆ. ನೆಟ್ಟಗೆ ಕಡಿದ ಕರಿಕಲ್ಲಿನ ಗೋಡೆ, ತಳದಲ್ಲಿ ನಿಂತ ನೀರು, ಅಂಚಿನಲ್ಲಿ ಹುಲ್ಲು.

ಡಿಸೆಂಬರ್ ಹೊತ್ತಿಗೆ ಆ ಹುಲ್ಲು ಒಣಗಿ ಗೋಧಿಯ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಿ ಬಂಡೆಯ ಜೊತೆ ಬೆರೆತುಹೋಗುತ್ತಿದ್ದ ಅದೇ ಹುಲ್ಲು ಈಗ ತಿಳಿ ಬೂದು, ಬಂಡೆ ಗಾಢ ಬೂದು. ಏನೂ ಎಡಿಟ್ ಮಾಡದೆಯೇ ಎರಡೂ ಬೇರೆಯಾಗಿ ನಿಲ್ಲುತ್ತವೆ. ಅದಕ್ಕೇ ಹೊಸಬರಿಗೆ ನಾನು ಮಳೆಗಾಲಕ್ಕಿಂತ ಚಳಿಗಾಲದಲ್ಲಿ ಶುರು ಮಾಡಿ ಅನ್ನುತ್ತೇನೆ. ಎಲ್ಲರೂ ಜುಲೈನಲ್ಲಿ ಬೆಟ್ಟ ಹತ್ತುತ್ತಾರೆ, ಆದರೆ ಬ್ಲ್ಯಾಕ್ ಅಂಡ್ ವೈಟ್ ಕಲಿಯಲು ಜನವರಿಯ ಒಣ ಟೇಕಡಿ ಎಷ್ಟೋ ಮೇಲು.

ಅಲ್ಲಿ ನಿಂತು ಕಣ್ಣು ಅರ್ಧ ಮುಚ್ಚಿ ನೋಡಿ. ಎಲೆ, ಕಡ್ಡಿ, ಕಲ್ಲಿನ ಬಿರುಕು ಎಲ್ಲ ಮಾಯವಾಗಿ ನಾಲ್ಕೈದು ದೊಡ್ಡ ಆಕಾರಗಳು ಉಳಿಯುತ್ತವೆ. ಗೋಡೆಯದ್ದೊಂದು ಕಪ್ಪು ತುಂಡು, ನೀರಿನದ್ದೊಂದು ಬೆಳ್ಳಗಿನ ತುಂಡು, ಹುಲ್ಲಿನದ್ದೊಂದು ಪಟ್ಟಿ, ಮೇಲೆ ಆಕಾಶ. ಫೋಟೋದ ಹಂದರ ಇವೇ. ಇವುಗಳ ನಡುವಿನ ಗಡಿ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಕರಗಿಹೋಗಿದೆ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. "ಗೋಡೆ ಕಪ್ಪು, ಮರ ಕಪ್ಪು, ಇಲ್ಲಿ ಗಡಿ ಇಲ್ಲ" ಅನಿಸಿದರೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಮರದ ಹಿಂದೆ ಆಕಾಶವೋ ನೀರೋ ಬರುವಂತೆ ನಿಲ್ಲಿ. ಗಡಿ ತಾನಾಗಿ ಹುಟ್ಟುತ್ತದೆ. ಕಂಪೋಸಿಷನ್ ಅನ್ನುವುದರಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದದ್ದು ಈ ಎರಡು ಹೆಜ್ಜೆ. ಫ್ರೇಮನ್ನು ಮೂರು ಪಾಲು ಮಾಡಿ ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲಿಡುವ ಮೂರನೇ ಒಂದು ಭಾಗದ ನಿಯಮ ಎಲ್ಲ ಆಮೇಲೆ.

ಲೋಹಗಡದ ಚೇಳಿನ ಕೊಂಡಿ

ಈಗ ಲೋಹಗಡಕ್ಕೆ ಬರೋಣ. ಪುಣೆ–ಲೋಣಾವಳ ಲೋಕಲ್‌ನಲ್ಲಿ ಮಳವಲಿಯಲ್ಲಿ ಇಳಿದು, ಭಾಜೆ ಊರಿನ ಮೇಲಿಂದ ನಡೆದರೆ ಕೋಟೆ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಇದೂ ಒಂದು. ಶನಿವಾರ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ, ವಾರದ ನಡುವೆ ರಜೆ ಹಾಕಿ ಹೋಗಿ.

ಕೋಟೆಯ ಪಶ್ಚಿಮ ಬದಿಗೆ ವಿಂಚೂಕಾಟಾ ಇದೆ, ಅಂದರೆ ಚೇಳಿನ ಕೊಂಡಿ. ಬೆಟ್ಟದ ಮೈಯಿಂದ ಉದ್ದಕ್ಕೆ ಚಾಚಿಕೊಂಡ ಕಿರಿದಾದ ಏಣು, ಅದರ ಅಂಚಿಗೆ ಕೋಟೆಯ ಗೋಡೆ. ಎರಡೂ ಕಡೆ ಪ್ರಪಾತ. ಮೇಲಿಂದ ನೋಡಿದರೆ ಅದು ಕಣ್ಣನ್ನು ತಾನಾಗಿ ಮುಂದೆ ಎಳೆದುಕೊಂಡು ಹೋಗುತ್ತದೆ. ಹೋದವರೆಲ್ಲ ಅದರ ಫೋಟೋ ತೆಗೆಯುತ್ತಾರೆ. ತೊಂದರೆ ಎಲ್ಲಿ ಅಂದರೆ, ಹಸಿರು ಏಣಿನ ಹಿಂದೆ ಹಸಿರು ಕಣಿವೆ ಇರುತ್ತದೆ. ಬ್ಲ್ಯಾಕ್ ಅಂಡ್ ವೈಟ್ ಮಾಡಿದ ಕೂಡಲೇ ಏಣು ಕಣಿವೆಯಲ್ಲಿ ಮುಳುಗಿಬಿಡುತ್ತದೆ.

ಇದಕ್ಕೆ ಮಂಜೇ ಮದ್ದು. ಕೆಳಗಿನ ಕಣಿವೆಯಿಂದ ಮಂಜು ಏರಿ ಏಣಿನ ಹಿಂದೆ ಬರುವವರೆಗೆ ಕಾಯಿರಿ. ಪೂರ್ತಿ ಮುಚ್ಚಿದರೆ ಏನೂ ಕಾಣದು, ಪೂರ್ತಿ ಬಿಟ್ಟರೆ ಎಲ್ಲ ಬೆರೆತುಹೋಗುತ್ತದೆ. ನಡುವೆ ಒಂದು ಹೊತ್ತು ಬರುತ್ತದೆ. ಹಿಂದೆ ಮಂಜು ತೆರೆ ಹಾಕಿದ ಹಾಗೆ ನಿಂತು, ಮುಂದೆ ಏಣು ಒಂದೇ ಗಾಢ ಆಕಾರವಾಗಿ ಎದ್ದು ಬರುತ್ತದೆ. ಕೆಲವೊಮ್ಮೆ ಅದು ಅರ್ಧ ನಿಮಿಷವೂ ಇರುವುದಿಲ್ಲ. ಆದ್ದರಿಂದ ಫ್ರೇಮ್ ಮೊದಲೇ ಹಾಕಿಟ್ಟು, ಫೋಕಸ್ ಮಾಡಿಟ್ಟು, ಲೆನ್ಸ್ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನಿಲ್ಲಿ. ಇಷ್ಟೊಂದು ಬಿಳುಪು ಕಂಡರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ನಡುವಿನ ಬೂದು ಮಾಡಲು ನೋಡುತ್ತದೆ, ಫೋಟೋ ಕಪ್ಪಾಗುತ್ತದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು +1ರ ಹತ್ತಿರ ಇಟ್ಟು, ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಯಾವುದು ಎಷ್ಟಿದೆ ಅಂತ ತೋರಿಸುವ ನಕ್ಷೆ) ಬಲಗಡೆಗೆ ಬಡಿಯದ ಹಾಗೆ ನೋಡಿಕೊಳ್ಳಿ.

ಏಣಿನ ತುದಿಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ ಅದೃಷ್ಟ. ಹಿಂದೆ ಬಿಳಿ ಮಂಜಿದ್ದಾಗ ಒಂದು ಸಣ್ಣ ಕಪ್ಪು ಚುಕ್ಕೆ ಸಾಕು, ಬೆಟ್ಟ ಎಷ್ಟು ದೊಡ್ಡದು ಅಂತ ಕೂಡಲೇ ತಿಳಿಯುತ್ತದೆ. ಕೆಂಪು ರೇನ್‌ಕೋಟ್ ಹಾಕಿದವರೇ ಬೇಕು ಅಂತ ಬಣ್ಣದ ಫೋಟೋದವರು ಹುಡುಕುತ್ತಾರೆ. ನಮಗೆ ಅದು ಬೇಡ. ಗಾಢ ಬಣ್ಣದ ಯಾವ ಬಟ್ಟೆ ಆದರೂ ನಡೆಯುತ್ತದೆ. ಆದರೆ ಆ ವ್ಯಕ್ತಿ ಗೋಡೆಯ ಮುಂದೆ ಇರುವಾಗ ಕ್ಲಿಕ್ ಮಾಡಬೇಡಿ, ಮಂಜಿನ ಮುಂದೆ ಬಂದಾಗ ಮಾಡಿ.

ಕ್ಲಿಕ್ಕಿಗೆ ಮುಂಚೆ ಫ್ರೇಮಿನ ನಾಲ್ಕೂ ಅಂಚು ಒಮ್ಮೆ ಸುತ್ತಿ ನೋಡಿ. ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಅತಿ ಬೆಳ್ಳಗಿನ ಜಾಗಕ್ಕೆ ಕಣ್ಣು ಮೊದಲು ಓಡುತ್ತದೆ. ಮೂಲೆಯಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಒಂದು ತುಂಡು ಬಿಳಿ ಆಕಾಶ ಉಳಿದಿದ್ದರೆ ನೋಡುವವರು ಅಲ್ಲಿಂದಲೇ ಫೋಟೋದ ಹೊರಗೆ ಜಾರುತ್ತಾರೆ. ಪ್ಯಾಕೆಟ್ ಎತ್ತಿ ಚೀಲಕ್ಕೆ ಹಾಕಿಕೊಳ್ಳಿ, ಬೆಟ್ಟಕ್ಕೂ ಒಳ್ಳೆಯದು.

ಇದೇ ಕೋಟೆಯ ಮೇಲಿಂದ ಪವನಾ ಕೆರೆಯ ಹಿನ್ನೀರು, ಅದರಾಚೆ ತುಂಗ್ ಮತ್ತು ತಿಕೋನಾ ಕೋಟೆಗಳು ಕಾಣುತ್ತವೆ. ತುಂಗ್ ಚೂಪು ಶಿಖರ, ದೂರದಿಂದಲೂ ಗುರುತು ಸಿಗುತ್ತದೆ. ಇಲ್ಲಿಗೆ ನಾನು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಿಸಿಕೊಳ್ಳುತ್ತೇನೆ. ಆಗ ಬಿಡಿ ಬಿಡಿ ಮೋಡಗಳು ಓಡುತ್ತಿರುತ್ತವೆ. ಅವುಗಳ ನೆರಳು ಕಣಿವೆಯ ಮೇಲೆ ಸರಿಯುತ್ತದೆ. ಎಲ್ಲ ಬಿಸಿಲಲ್ಲಿದ್ದಾಗ ಬೆಟ್ಟವೂ ಬಯಲೂ ಒಂದೇ ಬೂದು. ಮುಂದಿನ ಇಳಿಜಾರು ನೆರಳಿಗೆ ಹೋಗಿ, ತುಂಗ್ ಶಿಖರದ ಮೇಲೆ ಮಾತ್ರ ಬಿಸಿಲು ಬಿದ್ದಾಗ ಶಿಖರ ಬೇರೆಯಾಗುತ್ತದೆ. ನೆರಳು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಅಂತ ಎರಡು ಮೋಡ ನೋಡಿದರೆ ಅಂದಾಜು ಸಿಗುತ್ತದೆ. ಮೂರನೆಯದಕ್ಕೆ ಸಿದ್ಧರಾಗಿ.

ಬೆಳಕಿನ ದಿಕ್ಕಿನ ಬಗ್ಗೆಯೂ ಒಂದು ಮಾತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಆರಿ ಆದದ್ದು ಈ ಬಂಡೆ. ಅದಕ್ಕೇ ಇಲ್ಲಿನ ಬೆಟ್ಟಗಳ ಮೈಮೇಲೆಲ್ಲ ಅಡ್ಡ ಅಡ್ಡ ಮೆಟ್ಟಿಲು. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದರೆ ಆ ಮೆಟ್ಟಿಲು ಚಪ್ಪಟೆಯಾಗಿ ಕಾಣುತ್ತದೆ. ಬೆಳಗ್ಗೆ ಇಲ್ಲವೇ ಸಂಜೆ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಾಗ ಒಂದೊಂದು ಪದರದ ಕೆಳಗೂ ಒಂದು ನೆರಳಿನ ಗೆರೆ ಬೀಳುತ್ತದೆ. ಮಧ್ಯಾಹ್ನ ಪಿಠ್ಲ-ಭಾಕ್ರಿ ತಿಂದು ಮಲಗಿ, ಪರವಾಗಿಲ್ಲ.

ದೂರದ ಬೆಟ್ಟಗಳು

ಚಳಿಗಾಲದ ಬೆಳಗ್ಗೆ ಮುಳಶಿ ಕಡೆ, ಇಲ್ಲವೇ ಸಿಂಹಗಡದ ಮೇಲಿಂದ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು. ಹಿಂದೆ ಹೋದಂತೆ ತಿಳಿಯಾಗುತ್ತಾ ಹೋಗುತ್ತವೆ. ಅದು ಗಾಳಿಯಲ್ಲಿನ ಮಸುಕಿನ ಕೆಲಸ. ಇಲ್ಲಿ ಬೂದುಗಳನ್ನು ಪ್ರಕೃತಿಯೇ ಬೇರೆ ಮಾಡಿಕೊಟ್ಟಿದೆ. ವೈಡ್ ಲೆನ್ಸ್ ಒಳಗಿಟ್ಟು 70ರಿಂದ 200 ಎಂಎಂ ನಡುವೆ ಹಾಕಿ. ಆಕಾಶ ಕತ್ತರಿಸಿ, ಬರೀ ಪದರಗಳನ್ನು ಹಿಡಿಯಿರಿ. ಎಡಿಟಿಂಗ್‌ನಲ್ಲಿ ಮಸುಕು ತೆಗೆಯುವ ಡಿಹೇಜ್ ಮುಟ್ಟಲೇಬೇಡಿ. ಈ ಫೋಟೋ ನಿಂತಿರುವುದೇ ಮಸುಕಿನ ಮೇಲೆ, ಅದನ್ನು ಒರೆಸಿ ಹಾಕಿದರೆ ಉಳಿಯುವುದೇನು? ಬದಲಿಗೆ ನೀಲಿ ಬಣ್ಣದ ಸ್ಲೈಡರ್ ಅನ್ನು ಸ್ವಲ್ಪ ಏರಿಸಿ. ಮಸುಕು ನೀಲಿ ಛಾಯೆಯದ್ದು, ಆದ್ದರಿಂದ ದೂರದ ಪದರಗಳು ಇನ್ನಷ್ಟು ತಿಳಿಯಾಗುತ್ತವೆ. ಹತ್ತಿರದ್ದು ಹಾಗೇ ಉಳಿಯುತ್ತದೆ.

ನೀರನ್ನು ಹಾಲಿನಂತೆ ಮಾಡುವ ಲಾಂಗ್ ಎಕ್ಸ್‌ಪೋಷರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 10 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಡೆಯುವ ಗಾಢ ಗಾಜು) ಹಾಕಿದರೆ 1/30 ಸೆಕೆಂಡ್ ಇದ್ದದ್ದು ಸುಮಾರು 34 ಸೆಕೆಂಡ್ ಆಗುತ್ತದೆ. ಖಡಕ್‌ವಾಸ್ಲಾ ಜಲಾಶಯದಂಥ ಜಾಗದಲ್ಲಿ ಅಲೆಗಳ ಗಲಿಬಿಲಿ ಹೋಗಿ ನೀರು ಒಂದೇ ತಿಳಿ ಬೂದಾಗುತ್ತದೆ, ಅದರಲ್ಲಿ ಕರಿ ಕಲ್ಲು ಚೆನ್ನಾಗಿ ಎದ್ದು ಕಾಣುತ್ತದೆ. ಅಂಥ ಕಲ್ಲು ಇದ್ದರೆ ಮಾಡಿ. ಸುಮ್ನೆ ಎಲ್ಲ ನೀರಿಗೂ ಮಾಡಬೇಡಿ.

ಎಡಿಟಿಂಗ್

ಲೈಟ್‌ರೂಮ್ ಇದ್ದರೆ ಸರಿ. ಹಣ ಕೊಡದೆ ಬೇಕು ಅಂದರೆ ಕಂಪ್ಯೂಟರ್‌ಗೆ ಡಾರ್ಕ್‌ಟೇಬಲ್, ಫೋನಿಗೆ ಸ್ನ್ಯಾಪ್‌ಸೀಡ್ ಇದೆ. ಹೆಸರು ಬೇರೆ, ಕೆಲಸ ಒಂದೇ.

ಶುರು ಮಾಡುವ ಮುಂಚೆ ನಾನು ಫೋಟೋದ ಒಂದು ಸಣ್ಣ ಪ್ರಿಂಟ್ ತೆಗೆದು ಅದರ ಮೇಲೆ ಪೆನ್ನಿನಿಂದ ಅಂಕಿ ಬರೆಯುತ್ತೇನೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಝೋನ್ ಪದ್ಧತಿಯ ಅಂಕಿ ಅವು. 0 ಅಂದರೆ ಪೂರ್ತಿ ಕಪ್ಪು, 10 ಅಂದರೆ ಕಾಗದದ ಬಿಳಿ, 5 ನಡುವಿನ ಬೂದು. ವಿಂಚೂಕಾಟಾದ ಫೋಟೋಗೆ ಹೀಗೆ ಬರೆಯುತ್ತೇನೆ: ನೆನೆದ ಬಂಡೆ 3, ಗೋಡೆಯ ಬುಡದ ಬಿರುಕುಗಳು 1, ಏಣಿನ ಹುಲ್ಲು 5, ಮಂಜು 7ರಿಂದ 8. ಪಕ್ಕಪಕ್ಕದ ಎರಡಕ್ಕೆ ಒಂದೇ ಅಂಕಿ ಬಂದರೆ ಅಲ್ಲೇ ಕೆಲಸ ಇದೆ ಅಂತ ಅರ್ಥ. ಏನು ಮಾಡಬೇಕು ಅಂತ ತಿಳಿಯದೆ ಸ್ಲೈಡರ್ ಎಳೆಯುತ್ತಾ ಕೂರುವುದು ಇದರಿಂದ ತಪ್ಪುತ್ತದೆ.

ಈಗ ಬಣ್ಣದ ಫೈಲನ್ನು ಬ್ಲ್ಯಾಕ್ ಅಂಡ್ ವೈಟ್‌ಗೆ ತಿರುಗಿಸಿ, ಮಿಕ್ಸರ್ ತೆರೆಯಿರಿ. ಯಾವ ಬಣ್ಣ ಎಷ್ಟು ತಿಳಿ ಬೂದು ಆಗಬೇಕು ಅಂತ ಹೇಳುವುದು ಅಲ್ಲೇ. ಲೈಟ್‌ರೂಮ್‌ನಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು ಹೀಗೆ ಎಂಟು ಸ್ಲೈಡರ್‌ಗಳಿವೆ. ಹುಲ್ಲು ಹಸಿರು ಅಂತ ಎಲ್ಲರೂ ಹಸಿರನ್ನೇ ಎಳೆಯುತ್ತಾರೆ, ಅಷ್ಟೇನೂ ಬದಲಾಗುವುದಿಲ್ಲ. ಎಳೆ ಹುಲ್ಲಿನಲ್ಲಿ ಹಳದಿಯೇ ಹೆಚ್ಚು. ಹಳದಿಯನ್ನು +35ರ ಹತ್ತಿರ, ಹಸಿರನ್ನು +20ರ ಹತ್ತಿರ ಇಟ್ಟು ನೋಡಿ. ಹುಲ್ಲು ತಿಳಿಯಾಗಿ ಮೇಲೆದ್ದು ಬರುತ್ತದೆ. ಬಂಡೆ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಅದಕ್ಕೆ ಹೇಳಿಕೊಳ್ಳುವಂಥ ಬಣ್ಣವೇ ಇಲ್ಲ. ಮೊದಲು ಒಂದೇ ಆಗಿದ್ದ ಎರಡು ಬೂದು ಈಗ ಎರಡಾದವು. ಆದರೆ ಪಾಚಿ ಹಿಡಿದ ಬಂಡೆ ಹುಲ್ಲಿನ ಜೊತೆಗೇ ತಿಳಿಯಾಗುತ್ತದೆ, ಅಂಥ ಕಡೆ ಬ್ರಷ್‌ನಿಂದ ಕೆಳಗಿಳಿಸಬೇಕು. ಗೋವಾ ಕಡೆ ಹೋದವರಿಗೆ ಲೆಕ್ಕ ಬೇರೆ. ಅಲ್ಲಿ ಜಂಬಿಟ್ಟಿಗೆ ಕಲ್ಲು, ಛಾಪೋರಾ ಕೋಟೆ ಅದರದ್ದೇ. ಕಲ್ಲಿಗೇ ಕೆಂಪು ಬಣ್ಣ ಇರುವುದರಿಂದ ಕೆಂಪು, ಕಿತ್ತಳೆ ಏರಿಸಿದರೆ ಗೋಡೆ ತಿಳಿಯಾಗುತ್ತದೆ, ಹುಲ್ಲನ್ನು ಹಾಗೇ ಬಿಡಬಹುದು.

ಆಕಾಶಕ್ಕೆ ಬಂದರೆ, ಎಲ್ಲರ ಕೈ ನೀಲಿಯ ಮೇಲೆ ಹೋಗುತ್ತದೆ. ಆಡಮ್ಸ್ 1927ರಲ್ಲಿ ಅಮೆರಿಕದ ಹಾಫ್ ಡೋಮ್ ಬಂಡೆಯ ಫೋಟೋ ತೆಗೆದಾಗ ಲೆನ್ಸಿನ ಮುಂದೆ ಗಾಢ ಕೆಂಪು ಫಿಲ್ಟರ್ ಹಾಕಿ ನೀಲಿ ಆಕಾಶವನ್ನು ಕಪ್ಪಾಗಿಸಿದರು. ಈಗ ನೀಲಿ ಸ್ಲೈಡರ್ ಕೆಳಗಿಳಿಸಿದರೆ ಆಗುವುದು ಅದೇ. ಆದರೆ ಅದಕ್ಕೆ ಆಕಾಶ ನೀಲಿ ಇರಬೇಕು. ಅಕ್ಟೋಬರ್‌ನಲ್ಲಿ ಕೆಲಸ ಮಾಡುತ್ತದೆ. ಜುಲೈನ ಆಕಾಶ ಬೆಳ್ಳಗೆ ಇರುತ್ತದೆ, ನೀಲಿ ಎಷ್ಟು ಎಳೆದರೂ ಅಲುಗದು. ಆಗ ಆಕಾಶದ ಮೇಲೆ ಒಂದು ಗ್ರೇಡಿಯೆಂಟ್ (ಕೆಳಗೆ ಬಂದಂತೆ ಪರಿಣಾಮ ತೆಳುವಾಗುವ ಪದರ) ಹಾಕಿ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಕಾಂಟ್ರಾಸ್ಟ್ ಸ್ವಲ್ಪ ಏರಿಸಿ. ನೀಲಿ ಇದ್ದಾಗಲೂ –25 ದಾಟಬೇಡಿ ಅನ್ನುತ್ತೇನೆ. ಜಾಸ್ತಿ ಆದರೆ ಆಕಾಶದಲ್ಲಿ ಮರಳು ಚೆಲ್ಲಿದ ಹಾಗೆ ನಾಯ್ಸ್ ಬರುತ್ತದೆ. ಬೆಟ್ಟದ ಅಂಚಿನ ಉದ್ದಕ್ಕೂ ಬಿಳಿ ಗೆರೆ ಮೂಡುತ್ತದೆ. ಫೋಟೋವನ್ನು 100%ಗೆ ಹಿಗ್ಗಿಸಿ ಅಂಚನ್ನು ಎಡದಿಂದ ಬಲಕ್ಕೆ ಸರಿಸಿ ನೋಡಿ. ಗೆರೆ ಕಂಡರೆ ಹಿಂದೆ ಬನ್ನಿ. ವಿವರಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಸ್ಲೈಡರ್ ಜಾಸ್ತಿ ಎಳೆದರೂ ಇದೇ ಗತಿ.

ಬಿಳಿ, ಕಪ್ಪಿನ ತುದಿಗಳನ್ನು ಆಮೇಲೆ ಹೊಂದಿಸಿ. ಆಲ್ಟ್ ಕೀ ಒತ್ತಿ ಹಿಡಿದು ಬ್ಲ್ಯಾಕ್ಸ್ ಸ್ಲೈಡರ್ ಎಳೆದರೆ ಎಲ್ಲಿ ವಿವರ ಸಾಯುತ್ತಿದೆ ಅಂತ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಬಂಡೆಯ ಬಿರುಕಿನಲ್ಲಿ ನಾಲ್ಕು ಚುಕ್ಕೆ ಇದ್ದರೆ ಒಳ್ಳೆಯದೇ, ಫೋಟೋಗೆ ಬೇರು ಸಿಗುತ್ತದೆ. ಇಡೀ ಇಳಿಜಾರು ಕಪ್ಪಾದರೆ ಬೇಡ.

ಕೊನೆಯದು ಡಾಡ್ಜ್ ಮತ್ತು ಬರ್ನ್, ಅಂದರೆ ಜಾಗ ನೋಡಿ ತಿಳಿ ಮಾಡುವುದು, ಗಾಢ ಮಾಡುವುದು. ನನಗೆ ಅತಿ ಪ್ರೀತಿಯ ಹಂತ ಇದು. ಬ್ರಷ್‌ನ ಫ್ಲೋ (ಒಮ್ಮೆ ಸವರಿದರೆ ಎಷ್ಟು ಪರಿಣಾಮ ಅನ್ನುವ ಅಳತೆ) 10ಕ್ಕಿಂತ ಕಡಿಮೆ ಇಟ್ಟು, ಸಾವಕಾಶವಾಗಿ ಮೇಲಿಂದ ಮೇಲೆ ಸವರಿ. ಈಗಾಗಲೇ ಬೆಳಕು ಬಿದ್ದ ಕಡೆ ಮಾತ್ರ ಬೆಳಕು ಸೇರಿಸಿ, ನೆರಳಿದ್ದ ಕಡೆ ಮಾತ್ರ ನೆರಳು. ವಿಂಚೂಕಾಟಾದ ಗೋಡೆಯ ಮೇಲ್ಭಾಗವನ್ನು ಒಂದು ಎಳೆ ತಿಳಿ ಮಾಡಿ, ಪ್ರಪಾತದ ಬದಿಯನ್ನು ಒಂದು ಎಳೆ ಗಾಢ ಮಾಡಿದರೆ ಏಣಿಗೆ ಮೈ ತುಂಬುತ್ತದೆ. ಮುಗಿಸಿ ಚಹಾ ಕುಡಿದು ಬಂದು ನೋಡಿ. ಬ್ರಷ್ ಆಡಿದ್ದು ಕಣ್ಣಿಗೆ ಕಂಡರೆ ಜಾಸ್ತಿಯಾಗಿದೆ, ಅರ್ಧಕ್ಕೆ ಇಳಿಸಿ.

ಕಾಗದದ ಮೇಲೆ

ಪ್ರಿಂಟ್ ಮಾಡಿಸಿ, ದಯವಿಟ್ಟು. ಪರದೆಗೆ ಹಿಂದಿನಿಂದ ಬೆಳಕಿದೆ, ಕಾಗದಕ್ಕಿಲ್ಲ. ಜನರ ಪರದೆ ಸಾಮಾನ್ಯವಾಗಿ ತೀರಾ ಪ್ರಕಾಶಮಾನವಾಗಿರುತ್ತದೆ, ಅದಕ್ಕೇ ಪ್ರಿಂಟ್ ಕಪ್ಪಾಗಿ ಬಂತು ಅಂತ ದೂರುತ್ತಾರೆ. ಎಡಿಟ್ ಮಾಡುವಾಗ ಪರದೆಯ ಬೆಳಕನ್ನು ಇಳಿಸಿಕೊಳ್ಳಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಹಾಳೆಯ ಬಿಳಿಯ ಹತ್ತಿರ ಬರುವಷ್ಟು ಇಳಿಸಿದರೆ ಸಾಕು. ಮ್ಯಾಟ್ ಕಾಗದದಲ್ಲಿ ಕಪ್ಪು ಅಷ್ಟು ಗಾಢವಾಗುವುದಿಲ್ಲ, 2 ಮತ್ತು 3ರ ನಡುವಿನ ಬೂದುಗಳು ಕೂಡಿಕೊಳ್ಳುತ್ತವೆ. ಮಂಜಿನ ಫೋಟೋ, ಚಳಿಗಾಲದ ಪದರಗಳಿಗೆ ಅದು ಚೆನ್ನ. ಕರಿಬಂಡೆ ಜಾಸ್ತಿ ಇರುವ ಫೋಟೋಗೆ ಹೊಳಪಿರುವ ಕಾಗದ ತೆಗೆದುಕೊಳ್ಳಿ.

12×18 ಇಂಚಿಗೆ, ಇಂಚಿಗೆ 300 ಪಿಕ್ಸೆಲ್‌ನಂತೆ, 3600×5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆರಾಮಾಗಿ ಸಿಗುತ್ತದೆ. ಆದರೆ ಮೊದಲೇ ದೊಡ್ಡದು ಮಾಡಿಸಬೇಡಿ. ಅದೇ ಅಳತೆಯ ಫೋಟೋದಿಂದ ಬಂಡೆ, ಹುಲ್ಲು, ಮಂಜು ಮೂರೂ ಬರುವಂಥ ಒಂದು ಪಟ್ಟಿ ಕತ್ತರಿಸಿ ಅಷ್ಟನ್ನೇ ಪ್ರಿಂಟ್ ಮಾಡಿಸಿ. ಮನೆಗೆ ತಂದು ಚೆನ್ನಾಗಿ ಒಣಗಲು ಬಿಟ್ಟು, ಫೋಟೋ ತೂಗುಹಾಕಬೇಕೆಂದಿರುವ ಗೋಡೆಯ ಮೇಲೆ, ಅಲ್ಲಿನ ದೀಪದಲ್ಲೇ ನೋಡಿ. ಬಂಡೆ ಕಪ್ಪು ಮುದ್ದೆಯಾಗಿದ್ದರೆ ಶ್ಯಾಡೋಸ್ ಅನ್ನು +10 ಏರಿಸಿ, ಇನ್ನೊಂದು ಪಟ್ಟಿ ತೆಗೆಸಿ. ಅದು ಸರಿ ಬಂದ ಮೇಲೆ ದೊಡ್ಡದಕ್ಕೆ ಹಣ ಕೊಡಿ.